ಚಾರ್ಜು ಇಳಿಯದ ಸೈಕಲ್ಲು

ಅನುಮಾನ ನನ್ನ ಹುಟ್ಟುಗುಣ. ಹಾಲನ್ನು ಬೆರಳಿಗೆ ಹಚ್ಚಿ ನೋಡದೆ ಪಾತ್ರೆಗೆ ಹಾಕಿಸಿಕೊಂಡವಳಲ್ಲ ನಾನು. ಹಾಗಾಗಿ ನಮ್ಮ ಯಜಮಾನರು ಹೊನ್ನಾಳಿಯ ಗುಜರಿ ಅಂಗಡಿಯಿಂದ ಒಂದು ಹಳೇ ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದು ಚನ್ನಗಿರಿಯ ನಮ್ಮ ಮನೆ ಮುಂದೆ ಇಳಿಸಿದಾಗ ಮೊದಲು ಅವರ ಮುಖ ನೋಡಿದೆ. ಮುಖ ಬಹಳ ಸಾಧುವಾಗಿತ್ತು. ಏನೋ ಇದೆ ಅಂದುಕೊಂಡೆ.

ಎತ್ತಿನ ಕೊಂಬಿನ ಹಾಗೆ ಅಗಲವಾಗಿ ಬಾಗಿದ ಹ್ಯಾಂಡಲ್ಲು, ದಪ್ಪ ಟೈರು, ಇಬ್ಬರು ಕೂರಬಹುದಾದಂಥ ಸೀಟು. ಅದಕ್ಕೆ ಕ್ರೂಸರ್ ಅನ್ನುತ್ತಾರಂತೆ. ನಮ್ಮ ಕಡೆ ಕ್ರೂಸರ್ ಎಂದರೆ ಮದುವೆಗೆ ಜನ ತುಂಬಿಕೊಂಡು ಹೋಗುವ ಗಾಡಿ.

"ಇದಕ್ಕೆ ಮೋಟಾರ್ ಕೂರಿಸ್ತೀನಿ" ಎಂದರು. "ಡಾಕ್ಟ್ರು ತುಳಿಬ್ಯಾಡ ಅಂದಾರೆ. ಸೈಕಲ್ ಹತ್ತಬ್ಯಾಡ ಅಂದಿಲ್ಲ."

ಅದರ ಹಿಂದಿನ ವರ್ಷ ದಾವಣಗೆರೆಯಲ್ಲಿ ಅವರ ಎದೆಗೆ ಸ್ಟೆಂಟ್ ಹಾಕಿದ್ದರು. ಬೀಡಿ ಮುಟ್ಟಬೇಡಿ, ದಮ್ಮು ಕಟ್ಟುವ ಕೆಲಸ ಮಾಡಬೇಡಿ, ಮಾಡಿದರೆ ಇನ್ನೊಂದು ಸಲ ಇಲ್ಲಿಗೆ ಬರುವಷ್ಟು ಹೊತ್ತು ಸಿಗಲಿಕ್ಕಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡಿಕೊಂಡೇ ಹೇಳಿದ್ದರು. ಇವರದ್ದು ತೋಟ ತೋಟ ತಿರುಗುವ ಕೆಲಸ. ಮಳೆಗಾಲದಲ್ಲಿ ಔಷಧಿ ಹೊಡೆಯುವ ಪಂಪು, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಮೆಷಿನ್ನು ರಿಪೇರಿ ಮಾಡುತ್ತಾರೆ. ಬೈಕು ಅವರಿಗೆ ಒಗ್ಗಲೇ ಇಲ್ಲ, ಜೀವಮಾನವೆಲ್ಲ ಸೈಕಲ್ಲೇ. ಮನೆಯಲ್ಲಿ ಕೂತು ಕೂತು ನನ್ನ ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು ಎನ್ನುವ ಮಟ್ಟಕ್ಕೆ ಬಂದಿದ್ದರು. ಹಾಳಾಗಲಿ, ಏನೋ ಒಂದು ಮಾಡಿಕೊಳ್ಳಲಿ ಎಂದು ಸುಮ್ಮನಾದೆ.

ಸುಮ್ಮನಾದೆ ಅಂದರೆ ಬಾಯಿ ಮಾತ್ರ. ಪಡಸಾಲೆಯಲ್ಲಿ ಹಳೇ ಸೀರೆ ಹಾಸಿಕೊಂಡು ಅವರು ಹಿಂದಿನ ಚಕ್ರದ ಕಡ್ಡಿಗಳನ್ನೆಲ್ಲ ಬಿಚ್ಚಿ, ನಡುವೆ ಮೋಟಾರು ಕೂರಿಸಿ, ಮತ್ತೆ ಹೆಣೆಯುವಾಗ ನಾನು ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತ ಕಾವಲು ಕೂತಿದ್ದೆ. ಬ್ಯಾಟರಿಗಳು ಪಂಪಿಗೆ ಹಾಕುವಂಥವೇ. ನ್ಯಾಮತಿಯಲ್ಲಿ ಪಂಪಿನ ಅಂಗಡಿ ಇಟ್ಟಿರುವ ಸ್ನೇಹಿತ ಕೊಟ್ಟಿದ್ದು. ಒಳ್ಳೇ ಬ್ಯಾಟರಿಯಾದರೆ ಅವನು ಯಾಕೆ ಕೊಡುತ್ತಾನೆ ಎಂದು ಕೇಳಿದೆ. ಇವರು ಸ್ಪ್ಯಾನರ್ ಹುಡುಕತೊಡಗಿದರು. ಒಳಗೆ ಚಾರ್ಜಿಗೆ ಹಾಕಿದರೆ ನಾನು ಬೀದಿಯಲ್ಲಿ ಮಲಗುತ್ತೇನೆ ಎಂದೆ. ಜಗುಲಿಯಲ್ಲಿ ಹಾಕಿದರು. ಪಕ್ಕದಲ್ಲಿ ಒಂದು ಬಕೆಟ್ ಮರಳು ತಂದಿಟ್ಟೆ. ತಂತಿಗಳೆಲ್ಲ ಹೋಗಿ ಸೇರುವ, ಮೋಟಾರಿಗೆ ಕರೆಂಟು ಬಿಡುವ, ಕಂಟ್ರೋಲರ್ ಎಂಬ ಡಬ್ಬಿಯನ್ನು ಸೀಟಿನ ಕೆಳಗೆ ಬಿಗಿದರು. ಅದನ್ನು ಕಂಡರೂ ನನಗೆ ಆಗುತ್ತಿರಲಿಲ್ಲ.

ಆದರೆ ಸೈಕಲ್ಲು ಓಡಿತು. ಗುಂಯ್ ಎಂದು ಬೀದಿ ತುದಿಗೆ ಹೋಗಿ ಬಂತು. ಕಾಲು ಪೆಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡು, ಸವಾರಿ ಹೊರಟ ಪಾಳೇಗಾರರ ಹಾಗೆ ಎದೆ ಸೆಟೆಸಿಕೊಂಡು ಬಂದ ಅವರನ್ನು ನೋಡಿ ನನಗೂ ಸಂತೋಷವಾಯಿತು. ಹೇಳಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ನನ್ನ ತವರು ನೀರಿಗೆ ತತ್ವಾರವಿರುವ ಜಗಳೂರು ತಾಲ್ಲೂಕಿನ ಸೊಕ್ಕೆ. ಅಲ್ಲಿ ಆಯುಧಪೂಜೆ ಅಂದರೆ ಟ್ರ್ಯಾಕ್ಟರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ವಿಭೂತಿ ಬಳಿಯುವುದು. ಕುಡಿಯುವ ನೀರನ್ನು ಗಾಡಿಗೆ ಸುರಿದರೆ ನಮ್ಮಪ್ಪ ಸುಮ್ಮನೆ ಬಿಡುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಕೈ ಅದೇ ಕೈ. ಅವತ್ತೂ ಬಟ್ಟೆ ಹಿಂಡಿಕೊಂಡು ಸೈಕಲ್ಲು ಒರೆಸಲು ಹೋದೆ.

"ಇದು ನಿಮ್ಮ ಸೊಕ್ಕೆ ಅಲ್ಲ ಕಣೇ" ಎಂದು ಇವರು ನಕ್ಕರು. "ದೇವರಿಗೆ ಮಾಡಾಕೆ ಯಾಕೆ ಜಿಪುಣತನ? ಕೊಡ ಎತ್ತಿ ಸುರಿ."

ಸುರಿದೆ. ಹ್ಯಾಂಡಲಿನಿಂದ ಚಕ್ರದವರೆಗೆ ಕೊಡಗಟ್ಟಲೆ ಸುರಿದು, ವಿಭೂತಿ ಪಟ್ಟೆ ಎಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಬ್ಯಾಟರಿ, ಮೋಟಾರು, ನ್ಯಾಮತಿ ಸ್ನೇಹಿತ ಎಲ್ಲರ ಮೇಲೂ ಅನುಮಾನಪಟ್ಟ ನಾನು ಹಬ್ಬದ ನೀರಿನ ಮೇಲೆ ಅನುಮಾನಪಡಲಿಲ್ಲ. ಯಾರು ಪಡುತ್ತಾರೆ? ಇವರು ಸೈಕಲ್ಲು ತಳ್ಳಿ ನಿಂಬೆಹಣ್ಣು ಒಡೆಸಿ, ಹಾಗೇ ಮೂಲೆಗೆ ನಿಲ್ಲಿಸಿ ಹೋಳಿಗೆಗೆ ಬಂದರು.

ಹಬ್ಬ ಕಳೆದ ಮೇಲೆ ಇವರ ನಡವಳಿಕೆ ಬದಲಾಯಿತು. ಬೆಳಿಗ್ಗೆ ಕೆರೆಬಿಳಚಿ ಕಡೆಯ ತೋಟಕ್ಕೆ ಹೋಗುತ್ತೇನೆ ಎಂದು ಹೊರಡುವರು. ಬೀದಿ ತಿರುಗುವವರೆಗೆ ಸೈಕಲ್ಲು ಹತ್ತದೆ ತಳ್ಳಿಕೊಂಡು ಹೋಗುವರು. ಸಂಜೆ ಬಂದವರೇ ಬಚ್ಚಲಿಗೆ ನುಗ್ಗುವರು. ಇನ್ನೊಂದು ಸಂಗತಿ ಕೇಳಿದರೆ ನೀವೂ ಅನುಮಾನಪಡುತ್ತೀರಿ. ಕರವಸ್ತ್ರವನ್ನೂ ಒಗೆದು ಗೊತ್ತಿಲ್ಲದ ಇವರು ತಮ್ಮ ಅಂಗಿಯನ್ನು ತಾವೇ ಒಗೆದು ಹರವತೊಡಗಿದರು.

"ಯಾಕ್ರೀ, ನಾನು ಇರೋದು ಯಾತಕ್ಕೆ?" ಎಂದೆ.

"ನಿನಗೂ ವಯಸ್ಸಾತು. ಎಷ್ಟು ಅಂತ ಒಗಿತೀಯಾ."

ಈ ಕರುಣೆ ನನಗೆ ಹಿಡಿಸಲಿಲ್ಲ. ಮತ್ತೆ ಬೀಡಿ ಹಿಡಿದಿದ್ದಾರೆ ಎಂದು ಗ್ಯಾರಂಟಿಯಾಯಿತು. ಅಂಗಿಯ ವಾಸನೆ ತೊಳೆಯುತ್ತಿದ್ದಾರೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ. ಒಂದು ಸಂಜೆ ಅವರು ಬಚ್ಚಲಲ್ಲಿದ್ದಾಗ ಸೈಕಲ್ಲಿಗೆ ಚಾರ್ಜರ್ ಚುಚ್ಚಿ ನೋಡಿದೆ. ಇಡೀ ದಿನ ಓಡಿದ ಬ್ಯಾಟರಿಯಾದರೆ ಕೆಂಪು ದೀಪ ಹತ್ತಬೇಕು. ಚುಚ್ಚಿದ ಕೂಡಲೇ ಹಸಿರು ಬಂತು. ಅಂದರೆ ಸೈಕಲ್ಲು ಎಲ್ಲಿಗೂ ಹೋಗಿಯೇ ಇಲ್ಲ. ಯಾವುದೋ ಟೀ ಅಂಗಡಿಯಲ್ಲಿ ಕೂತು ಬೀಡಿ ಸೇದಿ ಬಂದಿದ್ದಾರೆ. ದಾವಣಗೆರೆಯ ಆಸ್ಪತ್ರೆಯ ಬೆಂಚಿನ ಮೇಲೆ ನಾನೊಬ್ಬಳೇ ಕೂತಿದ್ದು ಇವರಿಗೇನು ಗೊತ್ತು?

ಮರುದಿನ ಅವರು ಹೊರಟ ಸ್ವಲ್ಪ ಹೊತ್ತಿಗೆ ಮನೆಗೆ ಬೀಗ ಹಾಕಿ ಕೆರೆಬಿಳಚಿ ಕಡೆಯ ಬಸ್ಸು ಹತ್ತಿದೆ. ಅವರು ಮೊದಲು ಬೀಡಿ ಸೇದುತ್ತಿದ್ದ ಟೀ ಅಂಗಡಿಯ ಮುಂದೆ ಇಳಿದೆ. ಬೆಂಚು ಖಾಲಿ.

"ಅಣ್ಣಾರು ಇಲ್ಲೆಲ್ಲಿ ಕೂರ್ತಾರಕ್ಕ" ಎಂದ ಅಂಗಡಿಯವನು. "ಈಗ ಹಿಂಗೇ ಹೋದ್ರು. ಬೀಡಿ ಬಿಟ್ಟು ಬಾಳ ದಿನ ಆತಲ್ಲ."

ನೀವೆಲ್ಲ ಒಂದೇ ಕಡೆಯವರು ಎಂದು ಮನಸ್ಸಿನಲ್ಲೇ ಬೈದು ಮುಂದೆ ನಡೆದೆ. ತಿರುವು ದಾಟಿದರೆ ಏರು ಇದೆ. ಏರಿನ ಮಧ್ಯದಲ್ಲಿ ಇವರು ಕಂಡರು.

ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದರು. ಮೋಟಾರು, ಬ್ಯಾಟರಿ, ರಿಪೇರಿ ಸಾಮಾನಿನ ಚೀಲ, ಎಲ್ಲದರ ಭಾರ ಹೊತ್ತ ಸೈಕಲ್ಲು ಒಂದೊಂದು ತುಳಿತಕ್ಕೂ ಒಂದೊಂದು ಕಡೆ ವಾಲುತ್ತಿತ್ತು. ಗುಂಯ್ ಎನ್ನುವ ಸದ್ದು ಇರಲಿಲ್ಲ. ಚೈನಿನ ಕಿರಕಿರ ಮಾತ್ರ ಕೇಳುತ್ತಿತ್ತು. ಕೊನೆಗೆ ಇಳಿದು, ಸೀಟಿಗೆ ಕೈ ಊರಿ, ಬಾಯಿ ತೆರೆದು ನಿಂತರು. ಅಂಗಿ ಬೆನ್ನಿಗೆ ಅಂಟಿತ್ತು, ಹಿಂಡಿದರೆ ನೀರು ಬರುವಷ್ಟು.

ಹತ್ತಿರ ಹೋದೆ. ನನ್ನನ್ನು ನೋಡಿ ಸಿಕ್ಕಿಬಿದ್ದ ಮುಖ ಮಾಡಿದರು.

"ಯಾವಾಗಿಂದ ಕೆಟ್ಟೈತೆ?"

"ಹಬ್ಬದ ದಿನದಿಂದ. ಕಂಟ್ರೋಲರ್ ಡಬ್ಬಿ ಒಳಗೆ ನೀರು ಹೋಗೈತೆ. ಹೊಸದು ತರಿಸಾಕೆ ಹೇಳೀನಿ. ಬರಾತನಕ ಹೆಂಗೋ..."

"ಹೆಂಗೋ ಅಂದ್ರೆ? ಜೀವ ಹೋದ್ರೆ? ನನಗೊಂದು ಮಾತು ಹೇಳಾಕೆ ಏನಾಗಿತ್ತು?"

ಉಸಿರು ಹಿಡಿತಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹೇಳಿದರು. "ಸುರಿ ಅಂದಿದ್ದು ನಾನು. ಸುರಿದಿದ್ದು ನೀನು. ಹೇಳಿದ್ರೆ ನಾನು ಅಂದಿದ್ದನ್ನ ನೀನು ಮರೆತುಬಿಡ್ತಿದ್ದೆ. ನಾನೇ ಕೆಡಿಸಿದೆ ಅಂತ ನೀನು ಒಳಗೊಳಗೇ ಕೊರಗ್ತಿದ್ದೆ. ನಿನ್ನ ನಾನು ನೋಡಿಲ್ವಾ."

ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ಅಳುವೂ ಬಂತು. ಈ ಮಾತನ್ನೂ ಪೂರ್ತಿ ನಂಬಬೇಡ ಎಂದು ನನ್ನ ಹುಟ್ಟುಗುಣ ಹೇಳುತ್ತಿತ್ತು. ಮದುವೆಯಾದಾಗಿನಿಂದ ನಾಲ್ಕು ಜನರ ಎದುರು ಇವರ ಕೈ ಹಿಡಿದವಳಲ್ಲ ನಾನು. ಕೆರೆಬಿಳಚಿಯ ಬಸ್ಸು ಪಕ್ಕದಲ್ಲೇ ಹಾದುಹೋಗುತ್ತಿತ್ತು, ಕಿಟಕಿಗಳ ತುಂಬ ಮುಖಗಳಿದ್ದವು. ಒದ್ದೆ ಅಂಗಿಯ ಮೇಲೆ, ಎದೆಯ ಎಡಕ್ಕೆ, ಅಂಗೈ ಇಟ್ಟೆ. ಒಳಗೆ ದಡದಡ ಹೊಡೆದುಕೊಳ್ಳುತ್ತಿತ್ತು. ಅದು ನಿಧಾನವಾಗುವವರೆಗೆ ನಾನು ಕೈ ತೆಗೆಯಲಿಲ್ಲ.