ಎರಡು ಗವಿಬಾಯಿ, ಒಂದು ನಮೂದು

ಪತ್ರಿಕೆಯ ಸುದ್ದಿ ಡೆಸ್ಕ್‌ನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಮೇಲೆ ನನಗೆ ಸಿಕ್ಕ ಕೆಲಸ ಗವಿಬಾಯಿಗಳ ದಾಖಲೆ ಬರೆಯುವುದು. ಕೊಡಿಸಿದವಳು ಬಾಗಲಕೋಟೆ ಕಡೆಯ ಹುಡುಗಿ. ಮೊದಲು ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಕಚೇರಿಗೆ ಹತ್ತಿರವೆಂದು ಬಿಟಿಎಂಗೆ ಹೋದ ಮೇಲೂ ಭಾನುವಾರದ ತಿಂಡಿಗೆ ತಪ್ಪಿಸುವುದಿಲ್ಲ. ನಕ್ಷೆ ತಯಾರಿಸುವ ಕಂಪನಿಯಲ್ಲಿ ಅವಳ ಕೆಲಸ. ರಜೆ ಸಿಕ್ಕರೆ ಹಗ್ಗ ಕಟ್ಟಿಕೊಂಡು ಗವಿಗೆ ಇಳಿಯುತ್ತಾಳೆ.

“ಇಳಿಯೋ ಮಂದಿ ಬೇಕಾದಷ್ಟು ಅದಾರ ಸರ್. ನೆಟ್ಟಗ ಬರಿಯೋರ ಇಲ್ರೀ,” ಎಂದಳು. ಹೀಗೆ ಹೋದ ವರ್ಷದ ಜುಲೈನಲ್ಲಿ ಅವಳ ತಂಡದ ಜೊತೆ ಆಲ್ಪ್ಸ್ ಪರ್ವತದ ಒಂದು ಸುಣ್ಣಕಲ್ಲಿನ ಪ್ರಸ್ಥಭೂಮಿಗೆ ಹೋದೆ.

ದೂರದಿಂದ ಅದು ಚಪ್ಪಟೆ ಬಯಲು. ಕಾಲಿಟ್ಟರೆ ಚಪ್ಪಟೆ ಜಾಗವೇ ಸಿಗುವುದಿಲ್ಲ. ಬೂದು ಬಂಡೆಯ ತುಂಬ ಸೀಳು. ಮಳೆ ಬಂದರೂ ನೀರು ನಿಲ್ಲದು. ಎಲ್ಲವೂ ಒಳಗೆ ಇಳಿದುಬಿಡುತ್ತದೆ. ಹಾಗೆ ಇಳಿದ ನೀರೇ ಸಾವಿರಾರು ವರ್ಷ ಕಲ್ಲನ್ನು ಕರಗಿಸಿ ಗವಿ ಮಾಡಿದೆ. ನನ್ನ ಮಂಡಿಗೆ ಒಳಗಿನ ಕೆಲಸ ಆಗುವಂಥದ್ದಲ್ಲ. ನಾನು ಮೇಲೆಯೇ ನಿಂತು ಬರೆಯುತ್ತಿದ್ದೆ: ಬಾಯಿ ಎಲ್ಲಿದೆ, ಎಷ್ಟು ಅಗಲ, ಹಿಮ ಇದೆಯೇ, ಗಾಳಿ ಆಡುತ್ತದೆಯೇ, ಕಲ್ಲು ಬಿಟ್ಟರೆ ಎಷ್ಟು ಸೆಕೆಂಡಿಗೆ ಸದ್ದು ಬರುತ್ತದೆ. ಬರೆದಾದ ಮೇಲೆ ಬಂಡೆಗೆ ಡ್ರಿಲ್ ಮಾಡಿ ನಂಬರಿನ ಅಲ್ಯೂಮಿನಿಯಂ ಬಿಲ್ಲೆ ಹೊಡೆಯುತ್ತಿದ್ದರು. ಕೊನೆಯ ದಿನ ಸಂಜೆ ಡ್ರಿಲ್‌ನ ಬ್ಯಾಟರಿ ಮುಗಿದಿತ್ತು. ಆಗ ಸಿಕ್ಕಿದ್ದನ್ನು ಬಿಲ್ಲೆ ಇಲ್ಲದೆ ಪುಸ್ತಕಕ್ಕಷ್ಟೇ ಹಾಕಿದೆವು. ಮರುದಿನ ಮಂಜು ಕವಿದು, ಬಿಲ್ಲೆ ಹೊಡೆಯದೆ ಇಳಿದು ಬಂದೆವು.

ಊರಿಗೆ ಬಂದ ಮೇಲೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದವನು ನಾನೇ. ಚಿತ್ರಗಳನ್ನು ಅವಳು ನೋಡಿಕೊಳ್ಳುತ್ತೇನೆಂದಿದ್ದಳು. ನಾನು ಹಾಳೆಗಳ ಬರಹದ ಬದಿಯನ್ನಷ್ಟೇ ನೋಡಿದೆ. ಕೊನೆಯ ಸಂಜೆಯ ಹಾಳೆಯಲ್ಲಿ ಎರಡು ಟಿಪ್ಪಣಿ ಇದ್ದವು. ನನ್ನ ಅಕ್ಷರದಲ್ಲಿ: ‘ದೊಡ್ಡ ಬಂಡೆಯ ಬುಡದಲ್ಲಿ ಬಾಯಿ. ಅಗಲ ಐದು ಅಡಿ. ಹಿಮ ತುಂಬಿದೆ, ಅಡಿಯಲ್ಲಿ ಟೊಳ್ಳು, ಕಾಲಿಡಬಾರದು.’ ಕೆಳಗೆ ಅವಳ ಅಕ್ಷರದಲ್ಲಿ: ‘ದೊಡ್ಡ ಬಂಡೆಯ ಬುಡದಲ್ಲಿ ಬಾಯಿ. ಅಗಲ ಐದು ಅಡಿ. ಹಿಮ ಇಲ್ಲ. ತಣ್ಣನೆ ಗಾಳಿ ಜೋರಾಗಿ ಹೊರಬರುತ್ತದೆ. ಇಳಿಯಬಹುದು.’ ಸ್ಥಾನದ ಅಂಕಿಗಳಲ್ಲಿ ಮೂವತ್ತು ಮೀಟರಿನಷ್ಟು ವ್ಯತ್ಯಾಸ. ಬಂಡೆಗಳ ನಡುವೆ ಜಿಪಿಎಸ್ ಅಷ್ಟು ತಪ್ಪುವುದುಂಟು.

ಒಂದೇ ಅಪಘಾತಕ್ಕೆ ಎರಡು ಕಡೆಯಿಂದ ವರದಿ ಬಂದರೆ ಎರಡನ್ನೂ ಬೆಸೆದು ಒಂದು ಮಾಡುವುದು, ಭಿನ್ನವಿದ್ದ ಕಡೆ ಆಮೇಲೆ ಬಂದದ್ದನ್ನು ಉಳಿಸಿಕೊಳ್ಳುವುದು ಡೆಸ್ಕ್‌ನ ಪದ್ಧತಿ. ನಾನು ದೂರದಿಂದ ಕಂಡು ಬರೆದದ್ದನ್ನು ಅವಳು ಹತ್ತಿರ ಹೋಗಿ ತಿದ್ದಿದ್ದಾಳೆ ಎಂದುಕೊಂಡೆ. ಸ್ಥಾನದ ವ್ಯತ್ಯಾಸ ಜಿಪಿಎಸ್‌ನದೆಂದು ನನ್ನದನ್ನೇ ಉಳಿಸಿದೆ, ವಿವರ ಅವಳದು. ಒಂದೇ ನಮೂದು. ನೀಟಾಗಿತ್ತು.

ಈ ಜುಲೈನಲ್ಲಿ ಅವಳು ಇಬ್ಬರು ಗೆಳತಿಯರ ಜೊತೆ ಅಲ್ಲಿಗೆ ಮತ್ತೆ ಹೋದಳು. ನಾನು ಹೋಗಲಿಲ್ಲ. ಅವಳ ತುರ್ತು ಸಂಪರ್ಕದ ಫಾರಂನಲ್ಲಿ ಮೊದಲ ಹೆಸರು ನನ್ನದು, ಅದರ ಕೆಳಗೆ ಅವಳ ತಾಯಿಯ ಫೋನ್ ನಂಬರ್. ಏನಾದರೂ ಆದರೆ ಬಾಗಲಕೋಟೆಗೆ ನಾನೇ ತಿಳಿಸಬೇಕು.

ಒಂದು ಬುಧವಾರ, ವಾಕಿಂಗ್ ಮುಗಿಸಿ, ತರಕಾರಿ ತಂದಿಟ್ಟು ಫೋನ್ ನೋಡಿದೆ. ಹನ್ನೊಂದೂವರೆಯಾಗಿತ್ತು, ಅಲ್ಲಿ ಬೆಳಗಿನ ಎಂಟು ಗಂಟೆಯ ಹೊತ್ತು. ಅರ್ಧ ತಾಸಿನ ಹಿಂದೆ ಬಂದ ಮೆಸೇಜ್ ಇತ್ತು: ‘ಹೊಂಟ್ವಿ ಸರ್. ಹೋದ ವರ್ಷದ ಲಾಸ್ಟ್ ಬಾಯಿಗೆ ಇವತ್ತ ಇಳೀತೀವಿ.’

ಆ ಸಂಜೆಯನ್ನು ನೆನೆಯುವ ಆಸೆಗೆ ಹಳೆಯ ಪುಸ್ತಕ ತೆಗೆದೆ. ಆ ಹಾಳೆ ಓದಿ, ಮಗುಚಿದೆ. ಹಿಂಬದಿಯಲ್ಲಿ ಅವಳು ಪೆನ್ಸಿಲಿನಲ್ಲಿ ಬರೆದ ಚಿತ್ರ: ನಡುವೆ ಬಂಡೆ, ಅದರ ಎರಡು ಪಕ್ಕಕ್ಕೆ ಎರಡು ಬಾಯಿ. ಒಂದರ ಮೇಲೆ ‘ಹಿಮ’ ಎಂದು ಬರೆದು ಅಡ್ಡಗೀಟು ಎಳೆದಿದ್ದಳು.

ನನ್ನ ದಾಖಲೆ ಅವರನ್ನು ಹಿಮದ ಬಾಯಿಗೆ ಕರೆದೊಯ್ಯುತ್ತಿತ್ತು. ಅಲ್ಲಿ ಹಿಮವಿಲ್ಲ, ಇಳಿಯಬಹುದು ಎಂದು ಹೇಳುತ್ತಿತ್ತು. ಹೋದ ವರ್ಷ ಹತ್ತಾರು ಬಾಯಿ ಕಂಡವಳಿಗೆ ಈ ಚಿತ್ರ ನೆನಪಿರುವುದು ಅನುಮಾನ. ಹಿಮ ಕಂಡರೂ, ಈ ವರ್ಷ ಸ್ವಲ್ಪ ಉಳಿದಿದೆ, ಅಷ್ಟೇ, ಎಂದು ಅವಳು ಅದರ ಮೇಲೆ ಕಾಲಿಡಬಹುದು.

ಫೋನ್ ಮಾಡಿದೆ. ಸ್ವಿಚ್ ಆಫ್. ‘ಬಾಯಿಯ ಹತ್ತಿರ ಹೋಗಬೇಡ, ಸ್ಥಾನ ತಪ್ಪಾಗಿದೆ, ತಪ್ಪು ನನ್ನದು’ ಎಂದು ಮೆಸೇಜ್ ಹಾಕಿದೆ. ಒಂದೇ ಟಿಕ್. ಅವರು ತಂಗಿದ್ದ, ಬೆಟ್ಟ ಹತ್ತುವವರ ತಂಗುಮನೆಗೆ ಫೋನ್ ಮಾಡಿದರೆ ಅಲ್ಲಿನವರು ಒರಟು ಇಂಗ್ಲಿಷಿನಲ್ಲಿ, ಹೋಗಿ ಮುಕ್ಕಾಲು ಗಂಟೆಯಾಯಿತು, ಯಾರನ್ನಾದರೂ ಹಿಂದೆ ಕಳಿಸುತ್ತೇವೆ ಎಂದರು. ಬಂಡೆಗೆ ಒಂದೂವರೆ ಗಂಟೆಯ ದಾರಿ. ಅವರನ್ನು ಹಿಡಿಯುವುದು ಕಷ್ಟವೆಂದು ಆ ದಾರಿ ನಡೆದ ನನಗೆ ಗೊತ್ತಿತ್ತು.

“ಏನಾಯ್ತು ರೀ?” ಹುರುಳಿಕಾಯಿ ಬಿಡಿಸುತ್ತಿದ್ದ ಹೆಂಡತಿ ಕೇಳಿದಳು.

ಹೇಳಿದೆ. ಅವಳು ಪುಸ್ತಕ ತೆಗೆದುಕೊಂಡು ಹಾಳೆಯ ಎರಡೂ ಬದಿ ನೋಡಿದಳು.

“ಅವಳಮ್ಮನಿಗೆ ಹೇಳ್ಬೇಕಾ?”

“ಏನೂ ಗೊತ್ತಿಲ್ಲದೆ ಏನಂತ ಹೇಳ್ಲಿ?”

“ಹಾಗಾದ್ರೆ ಸುಮ್ನೆ ಕೂತ್ಕೊಳ್ಳಿ. ಓಡಾಡ್ಬೇಡಿ, ನಂಗೆ ತಲೆ ತಿರುಗುತ್ತೆ.”

ಕೂತೆ. ಡೆಸ್ಕ್‌ನಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಒಂಬತ್ತು ಗಂಟೆಗೆ ಅವರು ಬಂಡೆಯ ಹತ್ತಿರ ಇರುತ್ತಾರೆ, ಅಂದರೆ ನಮಗೆ ಹನ್ನೆರಡೂವರೆ. ಹನ್ನೆರಡೂವರೆಯಾಯಿತು. ಒಂದು ಟಿಕ್. ಬಾಗಲಕೋಟೆಯ ನಂಬರನ್ನು ಒಂದು ಸಲ ತೆರೆದು ಮುಚ್ಚಿದೆ. ಕೆಳಗೆ ಹಳೆ ಪೇಪರಿನವನು ಕೂಗುತ್ತ ಹೋದ.

ಒಂದಕ್ಕೆ ಹತ್ತು ನಿಮಿಷ ಇದ್ದಾಗ ಫೋನ್ ಬಂತು.

“ಸರ್, ಇದೇನ್ ಬರದೀರಿ? ತಣ್ಣನ್ ಗಾಳಿ ಜೋರ್ ಬರ್ತೈತಿ ಅಂತ ಐತಿ. ಇಲ್ಲಿ ಊದಿನಕಡ್ಡಿ ಹಚ್ಚಿ ಹಿಡದ್ರ ಹೊಗಿ ನೆಟ್ಟಗ ಮ್ಯಾಲ ಹೊಂಟೈತಿ, ಅಲುಗವಲ್ದು.”

“ಕಾಲಿಟ್ಯಾ?”

“ಇಲ್ರೀ. ಗಾಳಿ ಸುದ್ದಿ ಸುಳ್ಳಾತು ಅಂದ್ರ ಉಳಿದದ್ದನ್ನ ಹೆಂಗ್ ನಂಬೂದು? ಸಿಗ್ನಲ್ ಹುಡಿಕ್ಕೊಂಡು ಗುಡ್ಡದ ನೆತ್ತಿಗೆ ಬಂದೀನಿ ನಿಮ್ಮನ್ನ ಕೇಳಾಕ. ಈಗ ನಿಮ್ಮ ಮೆಸೇಜ್ ಬಂತು ನೋಡ್ರಿ.”

ಪ್ರತಿ ಬಾಯಿಯಲ್ಲೂ ಊದುಬತ್ತಿ ಹಚ್ಚಿ ಗಾಳಿ ನೋಡುವುದು ಅವಳ ರೂಢಿ. ಕಟ್ಟು ಬೆಂಗಳೂರಿನಿಂದಲೇ ಒಯ್ಯುತ್ತಾಳೆ. ಹೋದ ವರ್ಷ ನಾನದನ್ನು ತಮಾಷೆ ಮಾಡಿದ್ದೆ. ಫೋನನ್ನು ಹೆಂಡತಿ ತೆಗೆದುಕೊಂಡು, “ಎಲ್ರೂ ಚೆನ್ನಾಗಿದ್ದೀರೇನೇ?” ಎಂದು ಕೇಳಿ, ತಲೆಯಾಡಿಸಿ ಮರಳಿ ಕೊಟ್ಟಳು.

ನಡೆದದ್ದನ್ನು ವಿವರಿಸಿದೆ.

“ಎರಡು ಬಾಯಿ ಕೂಡ್ಸಿ ಒಂದ್ ಮಾಡೀರಲ್ರೀ! ಪೇಪರ್‌ನ್ಯಾಗೂ ಹಿಂಗ ಮಾಡ್ತಿದ್ರೇನು?”

“ಮೂವತ್ತೊಂದು ವರ್ಷ.”

“ಓದಿದ ಮಂದಿ ಬದುಕ್ಯಾರಲ್ಲ, ಬಿಡ್ರಿ.” ಆಮೇಲೆ ದನಿ ತಗ್ಗಿಸಿ, “ಅವ್ವಗ ಫೋನ್ ಮಾಡಿಲ್ಲ ಹೌದಿಲ್ಲೋ?” ಎಂದಳು.

“ಮಾಡಿಲ್ಲಮ್ಮ.”

“ಪುಣ್ಯಾತ್ಮ್ರು. ಈಗ ಆ ಎರಡನೇದರ ಅಂಕಿ ಓದ್ರಿ, ನಿಧಾನಕ್ಕ.”

ಒಂದೊಂದೇ ಅಂಕಿ ಓದಿದೆ. ಅವಳು ತಿರುಗಿ ಓದಿದಳು. ಇನ್ನೊಮ್ಮೆ ಓದಿಸಿದೆ. ಇಳಿಯುವ ಮೊದಲು ಎರಡಕ್ಕೂ ಬಿಲ್ಲೆ ಹೊಡೆಯಲು ಹೇಳಿದೆ.

ಕಂಪ್ಯೂಟರಿನ ನಮೂದನ್ನು ಒಡೆದು ಎರಡು ಮಾಡಿ, ಮೇಲುಗಡೆ ‘ತಿದ್ದುಪಡಿ’ ಎಂದು ಹಾಕಿ, ತಪ್ಪು ಯಾರದೆಂದೂ ಬರೆದೆ. ಆರೂವರೆಗೆ ಅವಳ ಮೆಸೇಜ್ ಬಂತು: ‘ಮೂರೂ ಮಂದಿ ಹೊರಗ. ಒಳಗ ದೊಡ್ಡದೈತಿ ಸರ್.’ ಜೊತೆಗೆ ಬಿಲ್ಲೆಗಳ ಎರಡು ಫೋಟೊ. ಹೆಂಡತಿಗೆ ಓದಿ ಹೇಳಿದೆ.

“ಈಗಾದ್ರೂ ಉಣ್ತೀರಾ?” ಎಂದಳು. ಮಧ್ಯಾಹ್ನದ ಅನ್ನ, ಹುರುಳಿಕಾಯಿ ಪಲ್ಯ ಹಾಗೇ ಇದ್ದವು. ಬಿಸಿ ಮಾಡುವುದು ಬೇಡವೆಂದು ಹೇಳಿ, ತಟ್ಟೆ ಹಾಕಿಕೊಂಡು ಕೂತೆ.