ಮುಹೂರ್ತಕ್ಕೆ ಕಲ್ಲವ್ವನ ಕೈ

ಡೊಂಬಿವಲಿ ಪೂರ್ವದ ಆ ಹಳೆಯ ಬಿಲ್ಡಿಂಗಿನಲ್ಲಿ ಯಾರೇ ಹೊಸದಾಗಿ ಖೋಲಿಗೆ ಬರಲಿ, ಹಾಲು ಉಕ್ಕಿಸಲು ಕಲ್ಲವ್ವನೇ ಬೇಕು. ಅವಳು ಊರಿದ ತುಳಸಿ ಮುರುಕು ಬಕೀಟಿನಲ್ಲೂ ಚಿಗುರುತ್ತಿತ್ತು. ಅವಳು ಕೈ ಹಾಕಿ ಕಲಸಿದ ಉಪ್ಪಿನಕಾಯಿಗೆ ಬೂಸರು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಬಾಗಲಕೋಟೆ ಕಡೆಯವಳು. ಗಂಡ ರಾಜಶೇಖರ ಎಂಐಡಿಸಿ ಎಂಬ ಕಾರ್ಖಾನೆಗಳ ಪ್ರದೇಶದ ಬಣ್ಣದ ಕಂಪನಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ನಿನ್ನ ಕೈಗುಣ ದೊಡ್ಡದು ಎಂದು ಯಾರಾದರೂ ಹೇಳಿದರೆ ಕಲ್ಲವ್ವ ಹೌದೆನ್ನುತ್ತಿರಲಿಲ್ಲ. ಅಲ್ಲ ಎಂದೂ ಅನ್ನುತ್ತಿರಲಿಲ್ಲ. ಊರು ಬಿಟ್ಟು ಬಂದ ಹೆಂಗಸಿಗೆ ಅಷ್ಟು ಮರ್ಯಾದೆಯಾದರೂ ಬೇಡವೇ.

ಅದೇ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ ತಾರಾನಾಥ ಇದ್ದ. ಉಡುಪಿ ಕಡೆಯವನು. ಮುಂಬಯಿಯಲ್ಲಿ ಬೇರೆಯವರ ಷೇರು ಕಂಪನಿಯಲ್ಲಿ ಗುಮಾಸ್ತನಾಗಿ ಸವೆದು, ಕೊನೆಗೆ ಸ್ಟೇಷನ್ ಹತ್ತಿರ ಪಾತ್ರೆ ಅಂಗಡಿಯ ಮೇಲೆ ಒಂದೇ ಕೋಣೆಯಲ್ಲಿ ತನ್ನದೇ ಕಂಪನಿ ತೆರೆದ. ಹೆಂಡತಿಯ ಹೆಸರಿಗೆ ತನ್ನ ಹೆಸರಿನ ತುಂಡು ಜೋಡಿಸಿ ‘ಪ್ರಫುಲ್ಲತಾರಾ ಷೇರ್ಸ್’ ಎಂದು ಬೋರ್ಡು ಹಾಕಿದ. ಅದು ಎರಡು ಸಾವಿರದ ಮೂರನೆಯ ಇಸವಿಯ ದೀಪಾವಳಿ. ಲಕ್ಷ್ಮೀಪೂಜೆಯ ಸಂಜೆ ಷೇರು ಪೇಟೆ ಒಂದು ಗಂಟೆ ಮಾತ್ರ ತೆರೆಯುತ್ತದೆ, ಅದಕ್ಕೆ ಮುಹೂರ್ತ ಎನ್ನುತ್ತಾರೆ. ಆ ಹೊತ್ತಿನಲ್ಲಿ ಮಾಡಿದ ಮೊದಲ ಖರೀದಿ ವರ್ಷವಿಡೀ ಕೈ ಹಿಡಿಯುತ್ತದೆಂದು ವ್ಯಾಪಾರದವರ ನಂಬಿಕೆ. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಯಾರು ಒತ್ತಬೇಕೆಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುವಾಗ ಪ್ರಫುಲ್ಲಾ ಕಲ್ಲವ್ವನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ನಮ್ಮ ಮನೆಯ ಹಾಲು ಉಕ್ಕಿಸಿದವರು ಇವರೇ, ಇದನ್ನೂ ಇವರೇ ಮಾಡಲಿ ಎಂದಳು. ಅವರು ತೋರಿಸಿದ ಗುಂಡಿಯನ್ನು ಕಲ್ಲವ್ವ ಒತ್ತಿದಳು.

ಆ ವರ್ಷ ಪೇಟೆ ಏರಿತು. ಅದರ ಮುಂದಿನ ವರ್ಷವೂ ಏರಿತು. ಎಲ್ಲರ ಷೇರೂ ಏರಿದ್ದವು, ಆದರೆ ತಾರಾನಾಥನ ಗಿರಾಕಿಗಳಿಗೆ ಅದು ಕಲ್ಲವ್ವನ ಕೈಯಿಂದಲೇ ಆದದ್ದು. ಪ್ರತಿ ದೀಪಾವಳಿಗೂ ಒಂದು ಸೀರೆ, ಒಂದು ಪೆಟ್ಟಿಗೆ ಕಾಜೂ ಕತ್ಲಿ ಮನೆಗೆ ಬರತೊಡಗಿತು. ರಾಜಶೇಖರ ಸೀರೆಯ ಮಡಿಕೆ ಬಿಚ್ಚಿ ನೋಡುತ್ತ ಅನ್ನುತ್ತಿದ್ದ, “ನಾ ಕಂಪನ್ಯಾಗ ದಿನಾ ಸಾವಿರ ಸಲ ಗುಂಡಿ ಒತ್ತತೀನಿ. ಒಬ್ಬ ಮಗನೂ ಒಂದ್ ಟವೆಲ್ ಕೊಟ್ಟಿಲ್ಲ ನೋಡು.”

ಕಲ್ಯಾಣದಲ್ಲಿ ಒಂದು ಶಾಖೆಯಾಯಿತು, ಠಾಣೆ ನಗರದಲ್ಲಿ ಇನ್ನೊಂದು. ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಬದಲಾಪುರದಿಂದ ಗಾಡಿ ಹತ್ತಿ ಬರುವ ಸಂಬಳದವರು, ಎಲ್ಲರೂ ಬಂದರು. ಮುಹೂರ್ತದ ಆಮಂತ್ರಣ ಪತ್ರಿಕೆಯ ಕೆಳಗೆ ‘ಶ್ರೀಮತಿ ಕಲ್ಲವ್ವನವರ ಅಮೃತಹಸ್ತದಿಂದ’ ಎಂದು ಅಚ್ಚಾಗತೊಡಗಿತು. ಅವಳ ಎದುರು ಬಾಗಿಲಿನ ಕಾಂಚನಾ ಗಂಡನನ್ನು ಕಳೆದುಕೊಂಡದ್ದು ಆ ಕಾಲದಲ್ಲೇ. ಗಂಡ ಬಿಟ್ಟುಹೋದ ಷೇರುಗಳೇ ಅವಳ ಅನ್ನ. ಅವನ್ನೆಲ್ಲ ತಾರಾನಾಥನ ಕಂಪನಿಯ ಖಾತೆಗೆ ಹಾಕಿ, ಅವನು ತೋರಿಸಿದ ಕಡೆಯೆಲ್ಲ ಸಹಿ ಮಾಡಿ ಬಂದಳು. ವಿಚಾರಿಸಿ ಹಾಕಬಾರದಿತ್ತೇನು ಎಂದು ಕಲ್ಲವ್ವ ಕೇಳಿದರೆ, “ಷೇರಂದ್ರ ನನಗೇನ್ ತಿಳೀತೈತಿ ಕಲ್ಲಕ್ಕ. ನಿನ್ನ ಕೈ ಹತ್ತೈತಲ್ಲ ಅದಕ್ಕ, ಸಾಕು” ಎಂದಳು. ಆ ಮಾತು ಕೇಳಿ ಕಲ್ಲವ್ವನಿಗೆ ಹಿಗ್ಗಾಯಿತು. ಸುಳ್ಳೇಕೆ, ಆಯಿತು.

ಎರಡು ಸಾವಿರದ ಎಂಟರಲ್ಲಿ ಪೇಟೆ ಪಾತಾಳಕ್ಕಿಳಿಯಿತು. ಆ ದೀಪಾವಳಿಗೆ ಹಾರ ಹಾಕಿದ ಗಣಪತಿಯ ಮುಂದೆ ಜನ ಹೆಣದ ಮನೆಯಲ್ಲಿ ಕೂತಂತೆ ಕೂತಿದ್ದರು. ಕಲ್ಲವ್ವ ಒತ್ತಿದಳು. ಮುಂದಿನ ವರ್ಷ ಪೇಟೆ ಎದ್ದು ನಿಂತಿತು, ಜನ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಅವಳಿಗೆ ಮೊದಲ ಬಾರಿ ಹೆದರಿಕೆ ಹುಟ್ಟಿದ್ದು ಆಗಲೇ. ಏರಿದ್ದು ನನ್ನಿಂದ ಎಂದಾದರೆ ಇಳಿದದ್ದು ಯಾರಿಂದ? ಗಂಡನ ಮುಂದೆ ಹೇಳಿದಾಗ ಅವನು ಈ ಸಲ ನಗಲಿಲ್ಲ.

ಆಮೇಲೆ ಕಂಪನಿ ನವಿ ಮುಂಬಯಿಯ ವಾಶಿಗೆ ಹೋಯಿತು. ಸ್ಟೇಷನ್ನಿಗೆ ಹತ್ತಿರದ ಗಾಜಿನ ಕಟ್ಟಡ. ಒಳಗೆ ಬೇಸಿಗೆಯಲ್ಲೂ ಮೈ ಕೊರೆಯುವ ಏಸಿ. ವರ್ಷಕ್ಕೊಮ್ಮೆ ಕಾರು ಬಂದು ಕಲ್ಲವ್ವನನ್ನು ಕರೆದೊಯ್ಯುತ್ತಿತ್ತು. ಕಿವಿ ಚುರುಕಿದ್ದವಳಿಗೆ ವರ್ಷಕ್ಕೊಂದು ದಿನವೇ ಸಾಕಲ್ಲ. ಮೇಜಿನ ಹಿಂದಿನ ಹುಡುಗಿಯರು ಪ್ರತಿ ದೀಪಾವಳಿಗೂ ಹೊಸಬರು. ಲೆಕ್ಕ ನೋಡುತ್ತಿದ್ದ ರಮಾಕಾಂತ ಮೊದಲಿನಿಂದಲೂ ಇದ್ದವನು, ಚಹಾಕ್ಕೆ ಸಕ್ಕರೆ ಎಷ್ಟೆಂದು ಕೇಳಿ ತಂದುಕೊಡುತ್ತಿದ್ದವನು. ಒಂದು ವರ್ಷ ಅವನೂ ಕಾಣಲಿಲ್ಲ. ಎಲ್ಲಿ ಎಂದು ಮೂವರನ್ನು ಕೇಳಿದರೆ ಮೂವರೂ ಒಂದೇ ಮಾತನ್ನು, ಬಾಯಿಪಾಠ ಮಾಡಿಸಿದಂತೆ, ಸ್ವಂತ ಕೆಲಸಕ್ಕೆ ಬಿಟ್ಟರು ಎಂದು ಹೇಳಿದರು. ಮರುವರ್ಷದಿಂದ ಪ್ರಫುಲ್ಲಾ ಕೂಡ ಮುಹೂರ್ತಕ್ಕೆ ಬರುವುದು ಬಿಟ್ಟಳು. ತಲೆನೋವಂತೆ. ತನ್ನ ಹೆಸರಿನ ಕಂಪನಿಯ ಪೂಜೆಗೆ ವರ್ಷ ವರ್ಷವೂ ಬರುವ ತಲೆನೋವು ಎಂಥದು?

ಎರಡು ಸಾವಿರದ ಹದಿನೆಂಟರ ಗಣೇಶ ಚೌತಿಯ ಹೊತ್ತಿಗೆ ಕಾಂಚನಾ ಪಾಸ್‌ಬುಕ್ ಹಿಡಿದುಕೊಂಡು ಬಂದಳು. ಷೇರಿನ ಕಂಪನಿಗಳಿಂದ ಬರಬೇಕಾದ ಲಾಭಾಂಶ ಬಂದಿರಲಿಲ್ಲ. ವಾಶಿಗೆ ಫೋನು ಮಾಡಿದರೆ ಸಿಸ್ಟಮ್ ಬದಲಾಗಿದೆ ಎಂದರು. ಇನ್ನೊಮ್ಮೆ ಮಾಡಿದರೆ ಸಾಹೇಬರು ಮೀಟಿಂಗಿನಲ್ಲಿ ಎಂದರು. ತಾನೇ ಗಾಡಿ ಬದಲಿಸಿ ಹೋದರೆ ನೀರು ಕೊಟ್ಟು ಕೂರಿಸಿ, ಸಂಜೆಗೆ ಹೊರಗೆ ಕಳಿಸಿದರು. ಮನೆಯಲ್ಲಿದ್ದ ಅಕ್ಕಿ ಅಂಗಡಿಯ ಉದ್ರಿಯದು ಎಂಬುದನ್ನು ಕಾಂಚನಾ ಹೇಳಲಿಲ್ಲ, ಕಲ್ಲವ್ವನಿಗೆ ಗೊತ್ತಿತ್ತು. ದೀಪಾವಳಿಗೆ ಹೋದಾಗ ನಾನೇ ಕೇಳುತ್ತೇನೆ ಎಂದಳು.

ಮುಹೂರ್ತದ ಸಂಜೆ ಅವಳು ಪೂಜೆಯ ಹಾಲ್‌ಗೆ ಹೋಗದೆ ನೇರ ತಾರಾನಾಥನ ಕ್ಯಾಬಿನ್ನಿಗೆ ಹೋದಳು. ಅವನು ರೇಷ್ಮೆ ಜುಬ್ಬಾದ ಗುಂಡಿ ಹಾಕಿಕೊಳ್ಳುತ್ತಿದ್ದ.

“ತಾರಾನಾಥಪ್ಪ, ಕಾಂಚನಾನ ಷೇರು ಅಕಿಗೆ ಹೊಳ್ಳಿ ಕೊಡ್ರಿ. ಆಮ್ಯಾಲೆ ಒತ್ತತೀನಿ.”

ಅವನು ಎದ್ದು ಬಾಗಿಲು ಹಾಕಿದ. ಇಷ್ಟು ವರ್ಷ ಕಂಡಿದ್ದ ನಗು ಮುಖದಲ್ಲಿ ಇರಲಿಲ್ಲ. ಸಿಟ್ಟೂ ಇರಲಿಲ್ಲ. ಬರೀ ದಣಿವು.

“ಅದು ಅಡವು ಇಟ್ಟು ಆಯ್ತು ಅಕ್ಕ. ಅವರದ್ದು ಮಾತ್ರ ಅಲ್ಲ.”

“ಯಾರನ್ನ ಕೇಳಿ ಇಟ್ರಿ?”

“ಕೇಳುದೆಂತ. ಎಲ್ಲರೂ ಸಹಿ ಮಾಡಿ ಕೊಟ್ಟಿದ್ದಾರಲ್ಲ.”

ಠಾಣೆಯಲ್ಲಿ ಜಾಗ ತೆಗೆದುಕೊಂಡದ್ದು, ಬೆಲೆ ಬಿದ್ದದ್ದು, ಸಾಲ ತೀರಿಸಲು ಗಿರಾಕಿಗಳ ಷೇರು ಒತ್ತೆಯಿಟ್ಟದ್ದು, ಒಂದು ತೂತಿಗೆ ಇನ್ನೊಂದು ತೇಪೆ ಹಾಕುತ್ತ ಬಂದದ್ದು, ಎಲ್ಲವನ್ನೂ ಅವನು ಪಕ್ಕದ ಮನೆಯವರ ಕಥೆಯಂತೆ ಹೇಳಿದ. ಹೊರಗೆ ಕೂತವರಲ್ಲಿ ಹೆಚ್ಚಿನವರು ಹೊಸಬರು, ಅವರಿಗೆ ಇವತ್ತು ಒಂದು ಸ್ಕೀಮು ಹೇಳುವವನಿದ್ದೇನೆ ಎಂದ. ದುಡ್ಡು ಕಂಪನಿಗೆ ಕೊಟ್ಟರೆ ತಿಂಗಳು ತಿಂಗಳು ಖಾತ್ರಿ ಬಡ್ಡಿ.

“ನಿಮ್ಮ ಕೈ ನೋಡಿ ಅವರು ಹಾಕ್ತಾರೆ. ಹಾಕಿದ್ರೆ ಮುಂದಿನ ವಾರ ಕಾಂಚನಕ್ಕಂದು ಮೊದಲು ಬಿಡಿಸಿ ಕೊಡ್ತೇನೆ, ದೇವರಾಣೆ. ನೀವು ಒತ್ತದಿದ್ರೆ ನಾಡಿದ್ದು ಯಾರದ್ದೂ ಇಲ್ಲ.”

“ಮತ್ತ ಹೊರಗ ಕುಂತವರದು?”

ತಾರಾನಾಥ ಬಾಗಿಲು ತೆರೆದು, ಮೊದಲು ನೀವು ಎನ್ನುವಂತೆ ಕೈ ಚಾಚಿದ. ಮುಖದ ಮೇಲೆ ಹಳೆಯ ನಗು ಮರಳಿ ಬಂದಿತ್ತು.

ಹಾಲ್‌ನಲ್ಲಿ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಕಲ್ಯಾಣದ ಒಬ್ಬ ಹಿರಿಯ, ಸೈದಪ್ಪ ಎಂದು ಹೆಸರು, ಯಾದಗಿರಿ ಕಡೆಯವನು, ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಜೊತೆಗೆ ಹೆಂಡತಿ, ಮದುವೆಗೆ ಬಂದಂತೆ ಜರಿ ಸೀರೆ ಉಟ್ಟಿದ್ದಳು. ಕೂಡಿಟ್ಟ ಫಂಡಿನ ಹಣವನ್ನು ಎಲ್ಲಿಡಬೇಕೆಂದು ವರ್ಷದಿಂದ ತಿಳಿಯದೆ ಕೂತಿದ್ದೆ ಎಂದು ಸೈದಪ್ಪ ಹೇಳಿಕೊಂಡ. ಆಮಂತ್ರಣ ಪತ್ರಿಕೆಯಲ್ಲಿ ಕಲ್ಲವ್ವ ಎಂಬ ಹೆಸರು ನೋಡಿ, ನಮ್ಮ ಕಡೆಯವರು ಯಾರೋ ಇದ್ದಾರೆಂದು ಧೈರ್ಯ ಮಾಡಿ ಬಂದನಂತೆ.

“ಅವ್ವಾರೆ, ನಿಮ್ಮದೂ ಎಲ್ಲಾ ಇಲ್ಲೇ ಇಟ್ಟೀರೇನ್ರಿ?”

“ನಂದೇನೂ ಇಲ್ರಿ ಇಲ್ಲೆ” ಎಂದಳು ಕಲ್ಲವ್ವ. ನಿಜವನ್ನೇ ಹೇಳಿದ್ದಳು. ಸೈದಪ್ಪ ಅದನ್ನು ದೊಡ್ಡವರ ವಿನಯ ಎಂದುಕೊಂಡು ಹೆಂಡತಿಯ ಕಡೆ ತಿರುಗಿ ತಲೆದೂಗಿದ.

ಶಂಖ ಊದಿದರು. ದೊಡ್ಡ ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದವು. ಕಲ್ಲವ್ವ ಎದ್ದು ಹೋಗಿ ನಿಂತಳು. ಹಾಲ್ ತುಂಬ ಜನ ಅವಳ ಬೆರಳನ್ನೇ ನೋಡುತ್ತಿದ್ದರು. ಅವಳ ಕಣ್ಣಿಗೆ ಕಾಂಚನಾಳ ಅಡುಗೆಮನೆಯ ಖಾಲಿ ಡಬ್ಬಿಗಳು ಬಂದವು. ಸೈದಪ್ಪನ ಹೆಂಡತಿಯ ಜರಿ ಸೀರೆಯೂ ಬಂತು, ಅದನ್ನು ಅವಳು ಆಚೆ ಸರಿಸಿದಳು. ಒತ್ತಿದಳು. ಚಪ್ಪಾಳೆ ಬಿತ್ತು.

ತಾರಾನಾಥ ಮಾತು ಉಳಿಸಿಕೊಂಡ. ಮರುವಾರ ಕಾಂಚನಾಳ ಷೇರುಗಳು ಅವಳ ಹೊಸ ಖಾತೆಗೆ ಬಂದವು. ಕಾಂಚನಾ ಶೇಂಗಾ ಹೋಳಿಗೆ ತಟ್ಟಿ ತಂದಳು. ಕಲ್ಲವ್ವ ಕ್ಯಾಬಿನ್ನಿನಲ್ಲಿ ಆದದ್ದನ್ನು ಅವಳಿಗೆ ಬಿಡಿಸಿ ಹೇಳಿದಳು. ಕಾಂಚನಾ ಹೋಳಿಗೆಯ ತಟ್ಟೆಯನ್ನು ಅವಳ ಕಡೆ ಸರಿಸಿ, “ಇದನ್ನ ಇನ್ನೊಬ್ರ ಮುಂದ ಆಡಬ್ಯಾಡ” ಎಂದಳು.

ಹೋಳಿ ಮುಗಿದ ವಾರ ವಾಶಿಯ ಗಾಜಿನ ಬಾಗಿಲಿಗೆ ಬೀಗ ಬಿತ್ತು. ತಾರಾನಾಥನ ಫೋನು ಬಂದ್. ಪ್ರಫುಲ್ಲಾ ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿಲ್ಲ. ಮರಾಠಿ ಸುದ್ದಿಯಲ್ಲಿ ಬಾಗಿಲ ಮುಂದಿನ ಜನರನ್ನು ತೋರಿಸುವಾಗ ಕಲ್ಲವ್ವ ಒಂದೊಂದೇ ಮುಖ ನೋಡುತ್ತಿದ್ದಳು. ರಾಜಶೇಖರ ಟೀವಿ ಬಂದ್ ಮಾಡಿದ. ಅವಳು ಮತ್ತೆ ಹಚ್ಚಿದಳು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಕಲ್ಲವ್ವ, ಕಾಂಚನಾ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ವಿಳಾಸ ಹುಡುಕಿಕೊಂಡು ಬಂದ ಸೈದಪ್ಪ ಬಾಗಿಲಲ್ಲಿ ನಿಂತಿದ್ದ. ಸೊರಗಿ ಇಳಿದು ಹೋಗಿದ್ದ. ಬೈಯಲು ಬಂದಿದ್ದಾನೆಂದು ಕಲ್ಲವ್ವ ಸೆರಗು ಬಿಗಿದುಕೊಂಡಳು. ಅವನು ಪ್ಲಾಸ್ಟಿಕ್ ಚೀಲದೊಳಗಿಂದ ಒಂದು ಅರ್ಜಿ ತೆಗೆದ. ಮುಳುಗಿದ ಫಂಡಿನ ಹಣಕ್ಕಾಗಿ ಪೊಲೀಸರಿಗೆ ಕೊಡುವುದಂತೆ. ಹೆಂಡತಿ ಹಾಸಿಗೆ ಹಿಡಿದಿದ್ದಾಳಂತೆ.

“ತಾರಾನಾಥ ಕೆಟ್ಟಾಂವ, ಅದಕ್ಕ ನಿಮ್ಮ ಕೈ ಏನ್ ಮಾಡ್ತದ್ರಿ ಅವ್ವಾರೆ” ಎಂದ. “ನೀವು ಇದರ ಮ್ಯಾಲೆ ಒಂದ್ ಸಲ ಕೈ ಇಟ್ಟು ಕೊಡ್ರಿ. ಕೆಲಸ ಆಗ್ತದ.”

ಕಾಂಚನಾ ಸೊಪ್ಪಿನಿಂದ ಕಣ್ಣೆತ್ತದೆ ಅಂದಳು, “ಇಡು ಕಲ್ಲಕ್ಕ. ಪಾಪ, ಕೈ ಇಟ್ಟು ಕಳಸು.”

ಕೈ ಇಟ್ಟರೆ ಮುಗಿಯುತ್ತಿತ್ತು. ಅವನು ಕೈ ಮುಗಿದು ಹೋಗುತ್ತಿದ್ದ. ಬಾಯಿ ಬಿಟ್ಟರೆ ಪೊಲೀಸರು ಕಾಂಚನಾಳ ಷೇರು ಹೇಗೆ ಬಂತೆಂದು ಕೇಳುತ್ತಾರೆ, ಬಂದದ್ದನ್ನು ಹಿಂದಕ್ಕೂ ಕೇಳಬಹುದು. ಅಷ್ಟು ತಿಳಿಯಲು ಶಾಲೆ ಕಲಿತಿರಬೇಕಿಲ್ಲ.

ಕಲ್ಲವ್ವ ಮಣೆ ಸರಿಸಿ ಅವನಿಗೆ ಜಾಗ ಮಾಡಿದಳು.

“ಕುಂದರ್ರಿ. ಆ ದಿನ ನಿಮ್ಮ ಬಾಜೂಕ ಕುಂತಾಗ ನನಗ ಎಲ್ಲಾ ತಿಳಿದಿತ್ರಿ. ಒಳಗ ಅವ ಹೇಳಿದ್ದ. ತಿಳಿದೂ ಒತ್ತೀನಿ.”

ಕಾಂಚನಾ ಮಡಿಲಿನ ಸೊಪ್ಪನ್ನು ಹಾಗೆಯೇ ನೆಲಕ್ಕೆ ಕೊಡವಿ ಎದ್ದಳು. ಎದುರು ಮನೆಯ ಬಾಗಿಲು ಮುಚ್ಚಿ ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿತು. ಸೈದಪ್ಪ ಕಲ್ಲವ್ವನ ಮುಖವನ್ನು, ಆಮೇಲೆ ಅವಳ ತೊಡೆಯ ಮೇಲಿದ್ದ ಕೈಯನ್ನು, ಯಾರದೋ ಕೈ ನೋಡುವಂತೆ ನೋಡಿದ. ಕೆಳಗೆ ರಸ್ತೆಯಲ್ಲಿ ರಿಕ್ಷಾಗಳ ಹಾರ್ನು, ಮಳೆ. ಕಡೆಗೆ ಅವನು ಅರ್ಜಿಯನ್ನು ಮೊಣಕಾಲ ಮೇಲೆ ಹರಡಿಕೊಂಡು ಜೇಬಿನಿಂದ ಪೆನ್ನು ತೆಗೆದ.

“ಪೂರ್ತಿ ಹೆಸರು ಹೇಳ್ರಿ” ಎಂದ. ಅವ್ವಾರೆ ಎನ್ನಲಿಲ್ಲ.