ಬಾನು ಡಬ್ಬಿಯ ಗುಂಯ್ ಸದ್ದು

ಶಹರ್ಬಾನು ಈಗ ಗಿಟಾರ್ ಪೆಡಲ್ ಮಾಡುವುದಿಲ್ಲ. ಗೊತ್ತಿಲ್ಲದೆ ಹುಡುಗರು ಈಗಲೂ ಗಂಗಾನಗರದ ನಮ್ಮ ಅಡ್ಡರಸ್ತೆಗೆ ಬಂದು ಅವರ ಬಾಗಿಲು ತಟ್ಟುತ್ತಾರೆ. ಆಕೆ ಬಾಗಿಲನ್ನು ಅರ್ಧ ತೆಗೆದು ಎದುರು ಮನೆಯ ಕಡೆ ಕೈ ತೋರಿಸುತ್ತಾರೆ. ಎದುರು ಮನೆ ಎಂದರೆ ನಮ್ಮದು. ಬಂದವರಿಗೆ ಕಾರಣ ಹೇಳಿ ಕಳಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ.

ನಾನು ಬಸ್ ಕಂಡಕ್ಟರ್ ಆಗಿ ಸರ್ವೀಸು ಮುಗಿಸಿದವನು. ಮುಖ ನೋಡಿದರೆ ಸಾಕು, ಟಿಕೆಟ್ ತೆಗೆದುಕೊಂಡಿದ್ದಾನೋ ಇಲ್ಲವೋ ಹೇಳಿಬಿಡುತ್ತೇನೆ ಎಂಬ ಜಂಬ ಇನ್ನೂ ಇಳಿದಿಲ್ಲ. ಮೊದಮೊದಲು ಗಿಟಾರ್ ಹೊತ್ತ ಹುಡುಗರು ಓಡಾಡಲು ಶುರು ಮಾಡಿದಾಗ ಅವರ ಕೂದಲು, ಹರಿದ ಪ್ಯಾಂಟು ನೋಡಿ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಯಾರದೋ ಮನೆಯ ಹುಡುಗಿಯ ಹಿಂದೆ ಬಿದ್ದಿದ್ದಾರೆ ಎಂದುಕೊಂಡಿದ್ದೆ. ನೋಡಿದರೆ ಅವರೆಲ್ಲ ಬರುತ್ತಿದ್ದದ್ದು ಐವತ್ತೈದು ದಾಟಿದ, ತಲೆಯ ಮೇಲಿನ ಸೆರಗು ಜಾರಗೊಡದ ನಮ್ಮ ಬಾನಮ್ಮನ ಹತ್ತಿರ.

ಬಾನಮ್ಮನ ತಂದೆ ತಾಜುದ್ದೀನ್ ಸಾಹೇಬರದು ಆರ್.ಟಿ. ನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ. ಮಗಳಿಗೆ ಓದು ಹತ್ತಲಿಲ್ಲ, ಬೆಸುಗೆ ಹತ್ತಿತು. ಮದುವೆಯ ಮಾತು ಮುರಿದುಬಿದ್ದ ಮೇಲೆ ಯಶವಂತಪುರದ ಕಡೆಯ ಒಂದು ಫ್ಯಾಕ್ಟರಿ ಸೇರಿ, ಸಾಲಾಗಿ ಕೂತ ಹೆಂಗಸರ ನಡುವೆ ಕೂತು ಬೋರ್ಡುಗಳಿಗೆ ಬೆಸುಗೆ ಹಾಕುತ್ತ ವಯಸ್ಸು ಕಳೆದರು. ಫ್ಯಾಕ್ಟರಿ ಮುಚ್ಚಿತು. ಆಮೇಲೆ ಮನೆಯಲ್ಲೇ ಬೀದಿಯವರ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿಕೊಂಡಿದ್ದರು. ಆಗ ಹಿಂದಿನ ಬೀದಿಯ ಅದ್ನಾನ್ ಎಂಬ ಹುಡುಗ ತನ್ನ ಕೆಟ್ಟುಹೋದ ಪೆಡಲ್ ತಂದ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಇಡುವ ಪುಟ್ಟ ಪೆಟ್ಟಿಗೆ ಅದು. ಕಾಲಿನಿಂದ ಒತ್ತಿದರೆ ಗಿಟಾರಿನ ನಯವಾದ ಸ್ವರ ಒರಟಾಗಿ ಗೊರಗುಟ್ಟುತ್ತದೆ. ಬಾನಮ್ಮ ಬಿಚ್ಚಿ ನೋಡಿ, "ಇಷ್ಟೇನಾ? ಇದಕ್ಕಾ ಅಷ್ಟು ದುಡ್ಡು ಸುರಿದೆ?" ಎಂದರಂತೆ.

ಅವರೇ ಒಂದು ಮಾಡಿದರು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಸಾಮಾನು ತಂದು, ಸ್ಟೀಲಿನ ಊಟದ ಡಬ್ಬಿಗೆ ತೂತು ಕೊರೆದು, ಒಳಗೆ ಎಲ್ಲ ಜೋಡಿಸಿದರು. ಆ ಸದ್ದನ್ನು ಅವರು ಕೊನೆಯವರೆಗೂ ಇಷ್ಟಪಡಲಿಲ್ಲ. ಹಲ್ಲುನೋವಿನ ಸದ್ದು ಎನ್ನುತ್ತಿದ್ದರು. ಆದರೆ ಅದ್ನಾನ್ ಊರೆಲ್ಲ ಹೇಳಿಕೊಂಡು ಬಂದ. 'ಬಾನು ಡಬ್ಬಿ' ಎಂಬ ಹೆಸರಿಟ್ಟವನೂ ಅವನೇ. ಡಬ್ಬಿ ಕೊಂಡವರನ್ನೆಲ್ಲ ಸೇರಿಸಿ ವಾಟ್ಸಾಪ್ ಗ್ರೂಪು ಮಾಡಿ ಬಾನಮ್ಮನನ್ನೂ ಅದರೊಳಗೆ ಎಳೆದ. ಮದುವೆಯಾಗಿ ಯಲಹಂಕಕ್ಕೆ ಹೋದ ಮೇಲೂ ವಾರಕ್ಕೊಮ್ಮೆ ಹೆಂಡತಿ ಐಮನ್‌ಳನ್ನು ಕರೆದುಕೊಂಡು ಬಂದು ಊಟ ಮಾಡಿ ಹೋಗುತ್ತಿದ್ದ. ಹೊಟ್ಟೆಯಲ್ಲಿ ಹುಟ್ಟದ ಮಗ ಎಂದು ಬಾನಮ್ಮ ಬಾಯಿಬಿಟ್ಟೇ ಹೇಳುತ್ತಿದ್ದರು.

ಹೋದ ವರ್ಷದವರೆಗೆ ಅವರು ಕೋಪ ಮಾಡಿಕೊಂಡದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ನನ್ನ ಮೇಲೆ. ನಮ್ಮ ಮನೆಯ ವಾಷಿಂಗ್ ಮಷೀನು ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಬೆಂಗಳೂರಿನಲ್ಲಿ ಯಾರ ಮನೆಯಲ್ಲಿ ಎನ್ನುವುದಿಲ್ಲ ಹೇಳಿ? ನನ್ನ ಹೆಂಡತಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಬಟ್ಟೆ ಹಾಕುತ್ತಿದ್ದಳು, ನಾನು ಮಣೆಯ ಮೇಲೆ ನಿಲ್ಲುತ್ತಿದ್ದೆ. ಅದನ್ನು ಕಂಡ ಬಾನಮ್ಮ ಪ್ಲಗ್ ಕಿತ್ತು ಕೈಗೆ ಕೊಟ್ಟರು.

"ಜುಮ್ ಅನ್ನೋದು ಅಂದ್ರೆ ಕರೆಂಟು ದಾರಿ ಹುಡುಕ್ತಿದೆ ಅಂತ, ಅನಂತಣ್ಣ. ದಾರಿ ಸಿಕ್ಕಿದ ದಿನ ಜುಮ್ ಅಂದು ಸುಮ್ನಾಗಲ್ಲ. ಈ ದಪ್ಪ ಪಿನ್ ಇದೆಯಲ್ಲ, ಅರ್ತಿಂದು, ಇದು ಮಷೀನಿಗೋಸ್ಕರ ಇರೋದಲ್ಲ. ನಮಗೋಸ್ಕರ ಇರೋದು. ಒಳಗೆ ತಂತಿ ಹರಿದು ಹೊರಗಿನ ತಗಡಿಗೆ ತಾಗಿದ್ರೆ ಕರೆಂಟನ್ನ ನೆಲಕ್ಕೆ ಕರ್ಕೊಂಡು ಹೋಗುತ್ತೆ. ಇದಿಲ್ದಿದ್ರೆ ಅದು ಮುಟ್ಟೋರಿಗೋಸ್ಕರ ಕಾಯ್ತಾ ಕೂತಿರುತ್ತೆ."

ಅವತ್ತೇ ಗೋಡೆಯ ಸಾಕೆಟ್ ಬಿಚ್ಚಿ ಅರ್ತ್ ತಂತಿ ಸರಿಮಾಡಿಕೊಟ್ಟರು. ನನಗೆ ಅವಮಾನವಾಗಿತ್ತು, ಎರಡು ದಿನ ಮಾತಾಡಿಸಲಿಲ್ಲ.

ಹೋದ ವರ್ಷ ರಾಜ್ಯೋತ್ಸವದ ಸಮಯ. ಬೆಂಗಳೂರಿನದೇ ಸಿಂಗಾಪುರ ಬಡಾವಣೆಯ ಜಗನ್ ಎಂಬ ಹುಡುಗ ತನ್ನ ಡಬ್ಬಿ ವಾಪಸು ತಂದ. ಅವನು ಮುನಿಗಂಗಪ್ಪನ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸಿಕೊಂಡು ಹಾಡುವವನು. ಸ್ಟೇಜಿನ ಮೇಲೆ ಡಬ್ಬಿ ಜೋಡಿಸಿದ ಕೂಡಲೇ ಗುಂಯ್ ಎಂದು ಸದ್ದು ಬರುತ್ತದೆ, ನಿಲ್ಲುವುದೇ ಇಲ್ಲ ಎಂದ. ಬಾನಮ್ಮ ಮನೆಯಲ್ಲಿ ಹಚ್ಚಿ ನೋಡಿದರೆ ಸದ್ದೇ ಇಲ್ಲ. ಐಸ್‌ಕ್ರೀಮ್ ಕಡ್ಡಿಯಿಂದ ಒಂದೊಂದು ತಂತಿಯನ್ನೂ ತಟ್ಟಿ ನೋಡಿದರು. ಒಂದೊಂದು ಬೆಸುಗೆಯನ್ನೂ ಮತ್ತೆ ಕಾಯಿಸಿದರು. ಅಡಾಪ್ಟರ್ ಬದಲಿಸಿದರು, ಬ್ಯಾಟರಿ ಹಾಕಿ ನೋಡಿದರು. ತಪ್ಪು ಸಿಗಲಿಲ್ಲ. ತಪ್ಪು ಸಿಗದೆ ಒಂದು ವಸ್ತುವನ್ನು ವಾಪಸು ಕೊಡುವುದು ಅವರಿಗೆ ಊಟ ಸೇರದಷ್ಟು ಕಷ್ಟ.

ಜಗನ್ ತೆಗೆದುಕೊಂಡು ಹೋಗಲು ಬಂದಾಗ ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಅವನು ಬೈಕಿನಿಂದ ಇಳಿಯಲೂ ಇಲ್ಲ.

"ನಿನ್ ಡಬ್ಬಿ ಸರಿಯಾಗೇ ಇದೆ ಕಣೋ," ಎಂದರು ಬಾನಮ್ಮ. "ಸ್ಟೇಜ್ ಕರೆಂಟಲ್ಲೇ ಏನೋ ಇದೆ. ಒಂದು ಕೆಲ್ಸ ಮಾಡು. ಆಂಪ್‌ದು ಅರ್ತ್ ಒಂದ್ ನಿಮಿಷ ಬಿಡಿಸಿ ಕೇಳು. ಸದ್ದು ಹೋದ್ರೆ ತಪ್ಪು ಡಬ್ಬೀದಲ್ಲ ಅಂತ ಗೊತ್ತಾಗುತ್ತೆ. ಆಮೇಲೆ ತಕ್ಷಣ..."

"ಆಯ್ತಕ್ಕ, ಆಯ್ತು, ಲೇಟಾಯ್ತು," ಎನ್ನುತ್ತ ಅವನು ಗಾಡಿ ಸ್ಟಾರ್ಟ್ ಮಾಡಿದ. ತಕ್ಷಣ ವಾಪಸು ಹಾಕು ಎಂದು ಬಾನಮ್ಮ ಹೇಳಿದ್ದು ಅವನ ಸೈಲೆನ್ಸರಿನ ಸದ್ದಿನಲ್ಲಿ ಮುಳುಗಿತು. ನನಗೆ ಕೇಳಿಸಿತ್ತು.

ಭಾನುವಾರ ಸಂಜೆ ಅವರ ಮನೆಯಿಂದ ನಗು ಕೇಳಿ ಹೋದೆ. ಜಗನ್ ಫೋನ್ ಮಾಡಿದ್ದನಂತೆ. ರಾಜಾನುಕುಂಟೆಯ ಹತ್ತಿರದ ಹೊಸ ಲೇಔಟಿನಲ್ಲಿ ಅವತ್ತು ಅವರ ಕಾರ್ಯಕ್ರಮ. ಗುಂಯ್ ಎನ್ನುವುದು ಒಂಚೂರೂ ಇಲ್ಲ, ನಿಮ್ಮ ಕೈಗೆ ಚಿನ್ನದ ಬಳೆ ಹಾಕಬೇಕು ಎಂದನಂತೆ.

"ಯಾವ್ದೋ ಒಂದು ಬೆಸುಗೆ ಸಡಿಲ ಇದ್ದಿರ್ಬೇಕು ಬಿಡಿ," ಎಂದು ಬಾನಮ್ಮ ಸಕ್ಕರೆ ಡಬ್ಬಕ್ಕೆ ಕೈಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು. "ಆದ್ರೆ ಯಾವ್ದೂ ಸಡಿಲ ಇರ್ಲಿಲ್ಲ, ಅನಂತಣ್ಣ. ನಾನು ಏನೂ ಸರಿ ಮಾಡೇ ಇಲ್ಲ."

"ಅರ್ತ್ ಬಿಡಿಸಿದವನು ವಾಪಸು ಹಾಕಿಲ್ಲ," ಎಂದು ಎದ್ದರು. ಜಗನ್‌ಗೆ ಫೋನ್ ಮಾಡಿದರು, ಎತ್ತಲಿಲ್ಲ. ಮತ್ತೆ ಮಾಡಿದರು. ನಾನು ಸ್ಕೂಟರ್ ತೆಗೆದೆ.

ಹೆಬ್ಬಾಳದ ಹತ್ತಿರ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮುಂದೆಲ್ಲೋ ಆಂಬುಲೆನ್ಸ್ ಕೂಗುತ್ತಿತ್ತು, ಅದಕ್ಕೆ ದಾರಿ ಬಿಡುವವರೇ ಇಲ್ಲ. ಬಾನಮ್ಮ ನನ್ನ ಬೆನ್ನ ಹಿಂದೆ ಕೂತು ಟೆಸ್ಟರ್ ಹಿಡಿದುಕೊಂಡು ಒಂದೇ ಸಮನೆ ಮಾತಾಡುತ್ತಿದ್ದರು.

"ಆಂಪ್ ಹಳೇದು. ಒಳಗೆ ತಂತಿ ಏನಾದ್ರೂ ತಗಡಿಗೆ ತಾಗಿದ್ರೆ ಗಿಟಾರಿನ ತಂತಿಗೆಲ್ಲ ಕರೆಂಟ್ ಬರುತ್ತೆ. ಮೈಕು ಬೇರೆ ಲೈನು, ಅದಕ್ಕೆ ಅರ್ತ್ ಇರುತ್ತೆ. ಅವನು ತುಟಿ ತಾಗಿಸಿಯೇ ಹಾಡೋದು. ಕೈಯಲ್ಲಿ ಗಿಟಾರು, ತುಟೀಲಿ ಮೈಕು. ನಡುವೆ ಅವನೊಬ್ಬನೇ."

ಯಲಹಂಕ ದಾಟುವಷ್ಟರಲ್ಲಿ ಕತ್ತಲು ಇಳಿಯುತ್ತಿತ್ತು. ಲೇಔಟಿನ ಕಮಾನಿನ ಹತ್ತಿರ ಬಂದಾಗ ಗಿಟಾರ್ ಕೇಳಿಸಿತು. ಇಷ್ಟು ಹೊತ್ತು ಶಾಪ ಹಾಕುತ್ತ ಬಂದ ಆ ಗೊರಗೊರ ಸದ್ದನ್ನು ಕೇಳಿ ನನಗೆ ಅಳು ಬಂತು.

ಬಾನಮ್ಮ ಸ್ಕೂಟರ್ ನಿಲ್ಲುವ ಮೊದಲೇ ಇಳಿದು ಓಡಿದರು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿಲ್ಲ. ಸ್ಟೇಜಿನ ಮೇಲೆ ಜಗನ್ ಮುನ್ನುಡಿಯಂತೆ ಬಾರಿಸುತ್ತ, ಮೈಕಿನ ಕಡೆ ಹೆಜ್ಜೆ ಇಡುತ್ತಿದ್ದ. ಬಾನಮ್ಮ ಹಿಂದಿನಿಂದ ನುಗ್ಗಿ ಆಂಪ್‌ನ ಪ್ಲಗ್ ಹಿಡಿದು ಎಳೆದರು. ಗಿಟಾರ್ ಥಟ್ಟನೆ ನಿಂತಿತು. ಜನ ಸಿಳ್ಳೆ ಹೊಡೆದರು. ಮುನಿಗಂಗಪ್ಪ ಬಿಳಿ ಷರ್ಟಿನಲ್ಲಿ ಬುಸುಗುಡುತ್ತ ಬಂದ.

"ಯಾರಮ್ಮ ನೀನು? ಪ್ರೋಗ್ರಾಂ ಹಾಳು ಮಾಡಕ್ಕೆ ಬಂದಿದ್ಯಾ?"

ಬಾನಮ್ಮ ಪ್ಲಗ್ ಎತ್ತಿ ತೋರಿಸಿದರು. ದಪ್ಪ ಪಿನ್ನನ್ನು ಯಾರೋ ಗರಗಸದಲ್ಲಿ ಬುಡಕ್ಕೆ ಕತ್ತರಿಸಿದ್ದರು. ಜಗನ್‌ಗೆ ಗಿಟಾರನ್ನು ಕುರ್ಚಿಯ ಮೇಲೆ ಮಲಗಿಸಲು ಹೇಳಿ, ಪ್ಲಗ್ ಮತ್ತೆ ಹಾಕಿ, ಟೆಸ್ಟರಿನ ತುದಿಯನ್ನು ಗಿಟಾರಿನ ತಂತಿಗೆ ತಾಗಿಸಿದರು. ದೀಪ ಕೆಂಪಗೆ ಹೊತ್ತಿತು. ಮುನಿಗಂಗಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಯಾರು ಕತ್ತರಿಸಿದ್ದು?"

"ನಾನೇ ಅಕ್ಕ," ಎಂದ ಜಗನ್. "ಈ ಊಟದ ಡಬ್ಬೀನ ಮೋರಿಗೆ ಎಸಿ ಅಂತ ಎಲ್ರೂ ಆಡ್ಕೋತಿದ್ರು. ನಿಮ್ ಹೆಸರು ಕೆಡ್ತಿತ್ತು. ನೀವೇ ಹೇಳಿದ್ರಲ್ಲ, ಅರ್ತ್ ಬಿಟ್ರೆ ಸದ್ದು ಹೋಗುತ್ತೆ ಅಂತ. ಹೋಯ್ತು. ಬೆಳಗ್ಗೆಯಿಂದ ಕೈಗೆ ಸ್ವಲ್ಪ ಜುಮ್ ಅಂತಿತ್ತು, ನಾನು ಚಳಿಗೆ ಅನ್ಕೊಂಡೆ."

ಬಾನಮ್ಮ ಅವನ ಕೆನ್ನೆಗೆ ಒಂದು ಬಿಟ್ಟರು, ಆಮೇಲೆ ಅದೇ ಕೆನ್ನೆ ಹಿಡಿದುಕೊಂಡು ಅತ್ತರು. ಮುನಿಗಂಗಪ್ಪನೇ ಕುರ್ಚಿ ತರಿಸಿ ಕೂರಿಸಿದ, ಚಹಾ ಕೊಡಿಸಿದ. ಸ್ಟೇಜಿನ ಮೇಲೆ ಯಾರೋ ಮಿಮಿಕ್ರಿ ಶುರು ಮಾಡಿದರು.

ಜಗನ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. "ಅಕ್ಕ, ಇನ್ನೊಂದಿದೆ," ಎಂದ. "ಮಧ್ಯಾಹ್ನ ಗ್ರೂಪಲ್ಲಿ ಹಾಕ್ಬಿಟ್ಟೆ. ಪಿನ್ ಕತ್ತರಿಸಿದ್ ಫೋಟೋ. 'ಗುಂಯ್ ಅಂದ್ರೆ ಹಿಂಗೆ ಮಾಡಿ, ಬಾನು ಅಕ್ಕನ ಐಡಿಯಾ' ಅಂತ. ಸುಮಾರು ಜನ ಥ್ಯಾಂಕ್ಸ್ ಹೇಳಿದ್ರು."

ಬಾನಮ್ಮ ಆ ಗ್ರೂಪನ್ನು ಯಾವತ್ತೂ ತೆರೆದು ನೋಡಿದವರಲ್ಲ. ಅವತ್ತು ತೆರೆದರು. ಹೆಬ್ಬೆರಳಿನ ಗುರುತು, ಕೈಮುಗಿದ ಗುರುತು ಸಾಲಾಗಿದ್ದವು, ಅದರಲ್ಲಿ ಅದ್ನಾನ್‌ದೂ ಒಂದಿತ್ತು. ಜಗನ್ ಅಳಿಸಿಹಾಕಿದ, ಯಾರೂ ಹಾಗೆ ಮಾಡಬೇಡಿ ಎಂದು ಬರೆದ. ಬಾನಮ್ಮ ಅದನ್ನು ನಂಬಿ ಕೂರಲಿಲ್ಲ, ಒಬ್ಬೊಬ್ಬರಿಗೇ ಫೋನ್ ಹಚ್ಚಿದರು. ಒಬ್ಬ ಊಟಕ್ಕೆ ಕೂತಿದ್ದ, ಇನ್ನೂ ಕತ್ತರಿಸಿಲ್ಲ ಎಂದ. ಇನ್ನೊಬ್ಬ ಕತ್ತರಿಸಿದ್ದ. "ಹೌದು ಆಂಟಿ, ಲೈಟಾಗಿ ಹೊಡೆಯುತ್ತೆ, ಶೂ ಹಾಕ್ಕೊಂಡ್ರೆ ಗೊತ್ತಾಗಲ್ಲ," ಎಂದು ನಕ್ಕ. ಬಾನಮ್ಮ ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಎಲ್ಲರೂ ಸಿಕ್ಕರು. ಅದ್ನಾನ್ ಮಾತ್ರ ಎತ್ತಲಿಲ್ಲ. ಅವನು ಯಲಹಂಕದ ಒಂದು ಅಪಾರ್ಟ್‌ಮೆಂಟಿನಲ್ಲಿ ಅವತ್ತು ಸಂಜೆ ಹಾಡುವವನಿದ್ದ ಎಂದು ಜಗನ್ ಹೇಳಿದ. ನಾವು ಬರುವಾಗ ಅದರ ಗೇಟಿನ ಮುಂದೆಯೇ ಬಂದಿರಬೇಕು. ಬಾನಮ್ಮ ಐಮನ್‌ಳ ನಂಬರು ಒತ್ತಿ, ಮಿಮಿಕ್ರಿಯ ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿದರು. ಅವರಿಬ್ಬರೂ ಮನೆಯ ಉರ್ದುವಿನಲ್ಲಿ ಮಾತಾಡಿದರು. ಶಿವಾಜಿನಗರದ ಬಸ್ಸಿನಲ್ಲಿ ದುಡಿದ ನನಗೆ ಆ ಮಾತು ತಿಳಿಯುತ್ತದೆ.

"ಆಂಟಿ, ನೀವೂ ಬರ್ಬೇಕಿತ್ತು," ಎಂದಳು ಐಮನ್. "ಇವರು ಈಗಷ್ಟೇ ಹಾಡೋಕೆ ನಿಂತ್ರು. ಕೇಳಿಸ್ತಿದೆಯಾ?"

ಅವಳ ಹಿಂದೆ ಗಿಟಾರ್ ಕೇಳಿಸುತ್ತಿತ್ತು.

"ಐಮನ್, ಹೇಳಿದಷ್ಟು ಮಾಡು. ಅವನ ಆಂಪ್‌ದು ಪ್ಲಗ್ ಎಳೆದುಬಿಡು."

"ಈಗಾ? ಎಲ್ರೂ ಕೂತಿದಾರೆ ಆಂಟಿ, ಇವರು ನನ್ನ..."

"ಈಗ್ಲೇ, ಮಗಳೇ. ಅವನನ್ನ ಮುಟ್ಟಬೇಡ, ಗಿಟಾರ್ ಮುಟ್ಟಬೇಡ. ಗೋಡೆ ಹತ್ರ ಹೋಗಿ ಪ್ಲಗ್ ಎಳಿ."

ಗಿಟಾರ್ ನಿಂತಿತು. ಬಾನಮ್ಮ ಕಣ್ಣು ಮುಚ್ಚಿ ದೊಡ್ಡದೊಂದು ಉಸಿರು ಬಿಟ್ಟರು. ಜಗನ್ ನನ್ನ ಕೈ ಹಿಡಿದುಕೊಂಡ.

"ಎಳೆದ್ಯಾ? ಬದುಕಿಸಿದೆ ಕಣಮ್ಮ," ಎಂದರು ಬಾನಮ್ಮ.

"ಇಲ್ಲ ಆಂಟಿ," ಎಂದಳು ಐಮನ್. "ನಾನಿನ್ನೂ ಕುರ್ಚಿಯಿಂದ ಎದ್ದೇ ಇಲ್ಲ."